ಚಕ್ಕುಬಂದಿ

ಅರ್ಜಿಯ ಏಳನೇ ಕಾಲಂ ಕೇಳಿತು:
ಸಹ ಅರ್ಜಿದಾರರೊಡನೆ ನಿಮ್ಮ ಸಂಬಂಧ?

ಬ್ಯಾಂಕಿನ ಪೆನ್ನಿಗೆ ದಾರ ಕಟ್ಟಿತ್ತು.
ಅದು ಎಟುಕುವಷ್ಟು ದೂರ ಯೋಚಿಸಿದೆ.
ಇಂದುಮತಿ ನನ್ನ ನಾದಿನಿ. ಆಗಿದ್ದಳು.
ಕೋರ್ಟಿನ ಹಾಳೆಯ ಪ್ರಕಾರ ಆರು ವರ್ಷದಿಂದ ಯಾರೂ ಅಲ್ಲ.
ಅವಳು ಮಾತ್ರ ಈಗಲೂ ಅತ್ತಿಗೆ ಅಂತಾಳೆ:
"ನೀನು ಬಿಟ್ಟಿದ್ದು ನಮ್ಮಣ್ಣನ್ನ, ನನ್ನಲ್ಲ ಮಾರಾಯ್ತಿ."

"ರಕ್ತಸಂಬಂಧ ಇರ್ಬೇಕು, ಇಲ್ಲ ಗಂಡ ಹೆಂಡ್ತಿ,"
ಅಂದರು ಮ್ಯಾನೇಜರು, ಕನ್ನಡಕ ಒರೆಸುತ್ತ.
ಒರೆಸಿ ಹಾಕಿಕೊಂಡು ನೋಡಿದರೂ
ನಾವು ಅಷ್ಟೇ ಇದ್ದೆವು.

ನನ್ನ ಹತ್ತಿರ ಇದ್ದದ್ದು ಸಂಬಳದ ಚೀಟಿ,
ಬಸ್ ಡಿಪೋದ ಲೆಕ್ಕದ ಕೋಣೆಯಲ್ಲಿ ಹದಿನಾಲ್ಕು ವರ್ಷ.
ಅವಳ ಹತ್ತಿರ ಇದ್ದದ್ದು ದುಡ್ಡು.
ಗೋಪಾಳದ ಪಾರ್ಲರಿನಲ್ಲಿ
ಹಲ್ಲಲ್ಲಿ ದಾರ ಕಚ್ಚಿ, ಹುಬ್ಬಿಗೆ ನಲವತ್ತರಂತೆ
ಕಿತ್ತು ಕಿತ್ತು ಕೂಡಿಸಿದ್ದು; ಎರಡು ಚೀಟಿ ಎತ್ತಿದ್ದು;
ಒಂಬತ್ತು ಲಕ್ಷ.

ನವುಲೆಯ ಮನೆಗೆ ಇಪ್ಪತ್ತೆಂಟು.
"ಸಾಲ, ಮನೆ ಎರಡೂ ನಿಮ್ಮ ಹೆಸರಿಗೇ ಇರ್ಲಿ,
ಅವರದ್ದು ಕೈಗಡ ಅಂದ್ಕೊಳಿ. ನಂಬಿಕೆ ಇಲ್ವಾ?"
ಅಂದ ದಲ್ಲಾಳಿ ತಿಮ್ಮೇಶ.
ಇತ್ತು. ಅದಕ್ಕೇ ಬೇಡವೆಂದೆ.
ಹಿಂದೊಮ್ಮೆ ಹಾಗೇ ಕಟ್ಟಿದ್ದೆ:
ಕಂತು ನನ್ನದು, ಖಾತೆ ಇನ್ನೊಬ್ಬರದು.
ಬಿಟ್ಟು ಬರುವಾಗ ನನ್ನ ಪಾಲಿಗೆ ಸಿಕ್ಕಿದ್ದು
ರಸೀದಿಗಳ ಒಂದು ಕಟ್ಟು, ರಬ್ಬರ್ ಬ್ಯಾಂಡ್ ಸಮೇತ.

ದುರ್ಗಿಗುಡಿಯ ಪತ್ತಿನ ಸಂಘದಲ್ಲಿ ಹಾಲಸ್ವಾಮಿ
ಏಳನೇ ಕಾಲಮಿಗೆ ತಾನೇ ಬರೆದುಕೊಂಡ:
ಸದಸ್ಯೆ ೨೧೧೪, ಸದಸ್ಯೆ ೨೧೧೫.
"ಇಷ್ಟು ಸಂಬಂಧ ಸಾಕು ನಮಗೆ."
ಬ್ಯಾಂಕಿಗಿಂತ ಮೂರು ಪರ್ಸೆಂಟ್ ಜಾಸ್ತಿ,
ನೆಂಟರಲ್ಲದ್ದಕ್ಕೆ ತೆರುವ ಬಡ್ಡಿ.

ಸಂಜೆ ಹೋಟೆಲಿನ ಒದ್ದೆ ಮೇಜಿನ ಮೇಲೆ
ಟಿಕೆಟ್ ರೋಲಿನ ಹಿಂಬದಿಗೆ ಲೆಕ್ಕ ಹಾಕಿದೆವು.
ಕಂತು ಇಪ್ಪತ್ತೆರಡು ಸಾವಿರದ ಎಂಟುನೂರು.
ಬಾಡಿಗೆ ಹನ್ನೊಂದು, ಬಂದರೆ.
ಉಳಿದ ಹನ್ನೊಂದು ಸಾವಿರದ ಎಂಟುನೂರು
ಪೂರ್ತಿ ನಾನೇ ಕಟ್ಟುವುದು,
ಅವಳ ಒಂಬತ್ತಕ್ಕೆ ನನ್ನ ಒಂಬತ್ತು ಸರಿಗಟ್ಟುವ ತನಕ:
ಆರು ವರ್ಷ ನಾಲ್ಕು ತಿಂಗಳು.
ಆಮೇಲೆ ಅರ್ಧರ್ಧ. ಪತ್ರದಲ್ಲಿ ಮೊದಲ ದಿನದಿಂದಲೇ ಅರ್ಧ.
"ಮೂರು ಸಾವಿರದ ಇನ್ನೂರು ಬಾಕಿ ಉಳಿಯುತ್ತೆ," ಅಂದೆ.
"ಸೀರೆ ಕೊಡ್ಸು."
"ನಿನ್ನ ಒಂಬತ್ತಕ್ಕೆ ಬಡ್ಡಿ?"
"ಬಡ್ಡಿ ಹಾಕಿದ್ರೆ ಇನ್ಮೇಲೆ ಅತ್ತಿಗೆ ಅನ್ನಲ್ಲ."
ದೋಸೆ ತಣ್ಣಗಾಯಿತು.
ಯಾರು ಮೊದಲು ಸತ್ತರೆ ಏನು ಎಂಬುದನ್ನು
ಕಾಫಿ ಬಂದ ಮೇಲೆ ಮಾತಾಡಿದೆವು.
ಅವಳ ಪಾಲು ಅವಳ ಮಗಳಿಗೆ.
ನನ್ನದು ಅಂದಾಗ
ರೋಲು ಸುರುಳಿ ಸುತ್ತಿಕೊಂಡಿತು, ಬೆರಳು ಒತ್ತಿ ಹಿಡಿದೆ.
"ಅದೂ ಅವಳಿಗೇ," ಅಂದೆ.

ಉಪನೋಂದಣಿ ಕಚೇರಿಯಲ್ಲಿ ಗುಮಾಸ್ತ ಓದಿದ:
ಪೂರ್ವಕ್ಕೆ ರಸ್ತೆ,
ಪಶ್ಚಿಮಕ್ಕೆ ರುದ್ರೇಗೌಡರ ಖಾಲಿ ನಿವೇಶನ,
ಉತ್ತರಕ್ಕೆ ಮೋರಿ,
ದಕ್ಷಿಣಕ್ಕೆ ಇದೇ ನಂಬರಿನ ಉಳಿಕೆ ಜಾಗ.
ಈ ಮಧ್ಯೆ ಇರುವ ಸ್ವತ್ತು.
ಈ ಮಧ್ಯೆ ನಾವಿಬ್ಬರು ನಿಂತಿದ್ದೆವು.
ಇಂದುವಿನ ಹೆಬ್ಬೆರಳು ಯಂತ್ರಕ್ಕೆ ಕಾಣಲಿಲ್ಲ.
ದಾರ ತಿಂದ ಗೆರೆಗಳು.
ಮೂರು ಸಲ ಒರೆಸಿ, ಕೂದಲಿಗೆ ತಿಕ್ಕಿ,
ನಾಲ್ಕನೆಯ ಸಲಕ್ಕೆ ಅವಳನ್ನು ಅವಳೆಂದು ಒಪ್ಪಿತು.

ಎರಡನೇ ತಿಂಗಳು ನರ್ಸಿಂಗ್ ಹುಡುಗಿಯರ ಫೋನು:
ಆಂಟಿ, ಬಚ್ಚಲ ನಲ್ಲಿ ತೊಟ್ಟಿಕ್ತಿದೆ.
ಮುನ್ನೂರೈವತ್ತು ಕೇಳಿದನಂತೆ ಪ್ಲಂಬರು.
ನಮ್ಮ ಕರಾರಿನಲ್ಲಿ ಸಾವು ಇತ್ತು, ಮಾರಾಟ ಇತ್ತು,
ನಲ್ಲಿ ಇರಲಿಲ್ಲ.
"ನೀನು ಕೊಡ್ತೀಯಾ?"
"ನೀನು ಕೊಡು."
ಭಾನುವಾರ ಸ್ಪ್ಯಾನರ್ ಹಿಡಿದು ಇಬ್ಬರೂ ಹೋದೆವು.
ವಾಷರು ಹನ್ನೆರಡು ರೂಪಾಯಿ.
ಆರು ಕೊಟ್ಟಳು, ಚಿಲ್ಲರೆ ಎಣಿಸಿ.