ಅಚ್ಚಿನ ತಗಡು

ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಇಷ್ಟೆ:
ಗೋಣಿಚೀಲದ ಹೊಟ್ಟೆಗೆ ತಗಡು ಒತ್ತಿ
ಕಪ್ಪು ಮಸಿ ಬಳಿಯುವುದು.
ತೂತುಗಳಿಂದ ಊರೊಂದು ಇಳಿಯುತ್ತದೆ:
ಮಂಗಳೂರು.
ಆ ಬಂದರನ್ನು ನಾನು ನೋಡಿಲ್ಲ. ನೋಡಿದ್ದು
ಇದ್ದಿನಬ್ಬ ಮರಳಿ ತರುವ ಖಾಲಿ ಕಂಟೇನರಿನ
ಬಾಗಿಲ ಕೀಲಿಗೆ ಹಿಡಿದ ಉಪ್ಪಿನ ತುಕ್ಕು.

ಇವತ್ತು ಕಕ್ಕಡ ಹದಿನೆಂಟು.
ಮದ್ದುಸೊಪ್ಪಿನ ಪಾಯಸ ಉಂಡು ಬಂದವರ ನಾಲಿಗೆ ನೇರಳೆ,
ನನ್ನ ಬೆರಳು ಎಂದಿನಂತೆ ಕಪ್ಪು.
ನಸುಕಿಗೆ ಹೊರಟ ನಾಲ್ಕು ಲಾರಿ
ಮಡಿಕೇರಿ ದಾಟಿ ಜೋಡುಪಾಲದ ಮೇಲೆ ನಿಂತಿವೆ.
ಗುಡ್ಡ ರಸ್ತೆಗಿಳಿದು ಕೂತಿದೆ,
ಬೇಲಿಯ ಕಂಬ, ಗೊನೆ ಬಿಟ್ಟ ಬಾಳೆ ಸಮೇತ.
ಇದ್ದಿನಬ್ಬನ ಫೋನು:
"ಅಕ್ಕಾ, ಹಡಗಿಗೆ ಹೇಳಿ, ಸ್ವಲ್ಪ ಬ್ರೇಕ್ ಹಿಡೀಲಿ."
ಪಣಂಬೂರಿನ ಗೇಟು ನಾಳೆ ಸಂಜೆ ಆರಕ್ಕೆ ಮುಚ್ಚುತ್ತದೆ.
ಹಡಗಿಗೆ ಜೋಡುಪಾಲ ಗೊತ್ತಿಲ್ಲ.

ಮಾಗಿಯಲ್ಲಿ ಬಂದರಿನಿಂದ ಒಬ್ಬರು ಬಂದಿದ್ದರು.
ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು:
ಹೊಸ ಕ್ರೇನು, ಹದಿನಾಲ್ಕು ಮೀಟರ್ ಆಳ,
ಪೆಟ್ಟಿಗೆಗೆ ಇಂತಿಷ್ಟು ರಿಯಾಯಿತಿ.
ಮಾಲೀಕರು ಉತ್ತಯ್ಯ ಲೋಟ ಕೆಳಗಿಟ್ಟು ಕೇಳಿದರು,
"ಕಡಲಿನ ಆಳ ಸರಿ ಸ್ವಾಮಿ,
ಕೊಯನಾಡಿನ ರಸ್ತೆಯಲ್ಲಿ ಮಳೆಗಾಲಕ್ಕೆ ಆಳ ಎಷ್ಟು?"
ಎಲ್ಲರೂ ನಕ್ಕರು. ಅವರೂ ನಕ್ಕರು.
ಬರೆದುಕೊಳ್ಳಲಿಲ್ಲ.

ಮಧ್ಯಾಹ್ನ ಉತ್ತಯ್ಯ ಮೆಟ್ಟಿಲಿಳಿದು ಬಂದು,
"ಉಳಿದ ಲಾಟಿಗೆ ಚೆನ್ನೈ ಹಾಕು" ಎಂದರು.
ಪಡುವಣದ ಕಡಲು ನೂರರವತ್ತು ಕಿಲೋಮೀಟರು,
ಮೂಡಣದ್ದು ಅದರ ಮೂರೂವರೆ ಪಟ್ಟು.
ಆದರೂ ಅಲ್ಲಿಗೆ ಒಂದಷ್ಟು ದೂರ ಲಾರಿ, ಆಮೇಲೆ ರೈಲು,
ನಮ್ಮ ಜಿಲ್ಲೆಗೆ ಇನ್ನೂ ಮುಖ ತೋರಿಸದ ರೈಲು,
ಹೇಳಿದ ದಿನಕ್ಕೆ ಮುಟ್ಟಿಸುತ್ತದಂತೆ.
ಇಟಲಿಯವನು ಕೇಳುವುದು ಕಡಲನ್ನಲ್ಲ, ತಾರೀಖನ್ನು.
ಪಡುವಣದ ದೇಶಕ್ಕೆ ಹೋಗಬೇಕಾದ ಬೀಜ
ಬೆನ್ನು ತಿರುಗಿಸಿ ಹೊರಟು
ಲಂಕೆಯ ಬುಡ ಸುತ್ತಿ ಹೋಗುತ್ತದೆ.
ಹತ್ತಿರದ್ದು ದೂರವಾಗುವುದು ಹೀಗೆ.

ಚೆನ್ನೈ ತಗಡು ಹುಡುಕುತ್ತ ಉಗ್ರಾಣದಲ್ಲಿ ಕೈಯಾಡಿಸಿದರೆ
ತಳದಲ್ಲಿ ಸಿಕ್ಕಿದ್ದು ಹಿತ್ತಾಳೆಯದು, ಭಾರದ್ದು,
ಅಕ್ಷರದ ತೂತಿಗೆಲ್ಲ ಹಸಿರು ಕಿಲುಬು:
ತಲಚೇರಿ.
ಉತ್ತಯ್ಯನ ಅಜ್ಜನ ಕಾಲದ್ದು.
ಮಾಕುಟ್ಟದ ಇಳಿಜಾರಿನಲ್ಲಿ
ಎತ್ತುಗಳು ಮೂಗಿನಲ್ಲಿ ನೊರೆ ಬಿಡುತ್ತ ಇಳಿದ ಕಾಲ.
ಆ ಊರಿನ ಕಡಲೇನೂ ಬತ್ತಲಿಲ್ಲ.
ಗಾಡಿ ಬರುವುದು ನಿಂತಿತು, ಅಷ್ಟೆ.

ಮಸಿ ಬಿದ್ದ ಚೀಲ ತೊಂಬತ್ತು.
ಒಂದೊಂದನ್ನೂ ಮಗುಚಿ ಬೆನ್ನಿಗೆ ಚೆನ್ನೈ ಒತ್ತಿದೆ.
ಹೊಟ್ಟೆಯ ಮೇಲೆ ಒಂದು ಕಡಲು, ಬೆನ್ನ ಮೇಲೆ ಇನ್ನೊಂದು,
ನಡುವೆ ಅರುವತ್ತು ಕಿಲೋ ಕಾಫಿ.
ಯಾರು ನಂಬುತ್ತಾರೋ ಯಾವ ಮಗ್ಗುಲನ್ನು.

ರಾತ್ರಿ ಮತ್ತೆ ಫೋನು. ಜೆಸಿಬಿ ಬಂದಿದೆಯಂತೆ, ಡೀಸೆಲ್ ಬಂದಿಲ್ಲ.
"ಮಂಗಳೂರಿನ ತಗಡು ಬಿಸಾಡ್ಬೇಡಿ ಅಕ್ಕಾ."
ಬಿಸಾಡಲಿಲ್ಲ.
ಸೀಮೆಎಣ್ಣೆಯಲ್ಲಿ ಒರೆಸಿ, ಹಿತ್ತಾಳೆಯದರಿಂದ ದೂರ,
ಕೈಗೆಟುಕುವ ಮೊಳೆಗೆ ನೇತುಹಾಕಿದ್ದೇನೆ.
ಗಾಳಿಗೆ ಗೋಡೆಗೆ ಬಡಿಯುತ್ತಿದೆ.