ವಜಾ

ಅರಸೀಕೆರೆ ಕೊಬ್ಬರಿ ಮಂಡಿಯಲ್ಲಿ
ಇಪ್ಪತ್ತಾರು ವರ್ಷ ತೂಕ ಹಾಕಿದವನು ನಾನು.
ಉಗುರಲ್ಲಿ ಒತ್ತಿ, ಟಕ್ಕೆಂದು ಮುರಿದು ನೋಡಿ
ಹಸಿ ಎಷ್ಟಿದೆ ಹೇಳಬಲ್ಲೆ.
ಹಸಿಯಿದ್ದರೆ ಚೀಲಕ್ಕೆ ಒಂದು ಕೇಜಿ ವಜಾ.

ಈಗ ವಾರಕ್ಕೆರಡು ಸಲ ಬೆಳಗಿನ ರೈಲು, ಹಾಸನ,
ದೊಡ್ಡಾಸ್ಪತ್ರೆ, ಡಯಾಲಿಸಿಸ್ಸು.
ಮೊದಲು ತೂಕದ ಮೇಲೆ ನಾನು ಹತ್ತಬೇಕು.
ಅಂಕಿ ನೋಡುವವಳು ಸಿಸ್ಟರ್ ಫಿಲೋಮಿನಾ:
"ಶುಕ್ರವಾರದಿಂದ ಎರಡೂವರೆ ಕೇಜಿ ನೀರು!
ಕದ್ದು ಕುಡಿದಿರಾ ಜವರಪ್ಪ?"
ಹುಳಿ ಸ್ವಲ್ಪ ತೆಳ್ಳಗಿತ್ತು ಎಂದೆ.
ರಾತ್ರಿ ಎದ್ದು ಹೂಜಿಗೆ ಬಾಯಿಟ್ಟಿದ್ದು ಹೇಳಲಿಲ್ಲ.

ಏಪ್ರಿಲ್ಲು. ಮಂಡಿಯ ತಗಡು ಕಾದ ಕಾವಲಿ.
ಚೀಲದ ಬಾಯಿ ಬಿಚ್ಚಿದರೆ ಒಂದು ಹುಳ,
ನೀಲಿ ಮಿನುಗುವ ಬೆನ್ನು, ಕೆಂಪು ಕಾಲು,
ಅಕ್ಕಿಕಾಳಿಗಿಂತ ಸಣ್ಣದು.
ಹುಟ್ಟಿದ್ದೇ ಆ ಚೀಲದಲ್ಲಿ. ಇದು ಏನು ಕುಡಿಯುತ್ತದೆ?

ಪಕ್ಕದ ಹಾಸಿಗೆಯ ಜೀವಶಾಸ್ತ್ರದ ಮೇಷ್ಟ್ರು ಪಾಲಾಕ್ಷಯ್ಯ
ನಳಿಗೆ ಚುಚ್ಚಿದ ಕೈ ಅಲುಗಿಸದೆ ಹೇಳಿದರು:
"ಮೈತುಂಬ ಮೇಣ ಬಳಕೊಂಡಿದೆ, ಆವಿ ಹೋಗದ ಹಾಗೆ.
ಪಕ್ಕೆಯಲ್ಲಿ ಉಸಿರಿನ ಕಿಂಡಿಗಳು,
ಬೇಕಾದಾಗಷ್ಟೇ ತೆರೆದು ಪಟ್ಟನೆ ಮುಚ್ಚುತ್ತವೆ.
ಕರುಳ ತುದಿಯಲ್ಲಿ ಹಿಂಡಿ ಹಿಂಡಿ
ನೀರೆಲ್ಲ ವಾಪಸು ಎಳಕೊಂಡು
ಹೊರಗೆ ಬಿಡುವುದು ಬರೀ ಪುಡಿ.
ಮಿಕ್ಕಿದ್ದು ಕೊಬ್ಬರಿಯ ಜಿಡ್ಡಲ್ಲೇ ಇದೆ.
ಒಳಗೆ ಉರಿದರೆ, ಜಿಡ್ಡಿಗಿಂತ ಒಂದು ಗುಂಜಿ ಹೆಚ್ಚೇ ನೀರು."

"ಯಾವ ತಕ್ಕಡೀಲಿ ಸಾರ್?"
"ಗಾಳಿಯನ್ನೂ ಹಾಕಿ ತೂಗಬೇಕು ಕಣಯ್ಯಾ."

ನಗು ಬಂತು. ಒಣಗಿದೆ, ಪಸಂದಾಗಿದೆ ಎಂದು
ನಾನೇ ಪಾಸು ಮಾಡಿದ ಕೊಬ್ಬರಿ.
ಇಷ್ಟು ವರ್ಷ ವಜಾಕ್ಕೆ ಸಿಗದ ನೀರು
ಇದರ ಹೊಟ್ಟೆಗೆ ಸಿಕ್ಕಿದೆ.

ಮನೆಯಲ್ಲಿ ಚನ್ನಾಜಮ್ಮ ಹೆಸರುಕಾಳಿಗೆ
ಒಲೆಯ ಬೂದಿ ಕಲಸುತ್ತಿದ್ದಳು, ಮೊಣಕೈವರೆಗೂ ಬೆಳ್ಳಗೆ.
ಅದಕ್ಕೂ ಮೇಷ್ಟ್ರು ಕಾರಣ ಹೇಳಿದ್ದರು:
ಬೂದಿ ಮೇಣವನ್ನು ಕೆರೆಯುತ್ತದೆ,
ಹುಳ ಸಾಯುವುದು ವಿಷಕ್ಕಲ್ಲ, ಬಾಯಾರಿ.
ಹಾಕಬೇಡ ಎನ್ನಲಿಲ್ಲ ನಾನು.
ಕಾಳು ಉಳಿಯಬೇಕಲ್ಲ.
ಆದರೆ ಅವಳು ಕೈ ಝಾಡಿಸಿದಾಗ
ನಾಲಿಗೆ ಅಂಗಳಕ್ಕೆ ಅಂಟಿಕೊಂಡಿತು.

ದಿನಕ್ಕೊಂದು ಲೀಟರು, ಮಾತ್ರೆಯ ಗುಟುಕೂ ಸೇರಿ.
ಒಳಗೆ ಹೋದದ್ದು ಹೊರಗೆ ಬಾರದೆ
ಕಾಲಲ್ಲಿ, ಕಣ್ಣ ಕೆಳಗೆ ನಿಂತು ಊದುತ್ತದೆ.
ಮೈಯೆಲ್ಲ ನೀರು ತುಂಬಿಕೊಂಡು ಇಷ್ಟು ದಾಹ!

ನಿನ್ನೆ ಆ ಹುಳವನ್ನು, ಅಥವಾ ಅಂಥದೇ ಇನ್ನೊಂದನ್ನು,
ಯಾರೂ ಇಲ್ಲದಾಗ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಬಿಟ್ಟೆ.
ಸೊನ್ನೆ. ಸೊನ್ನೆ. ಸೊನ್ನೆ.
ಅಂಚಿನವರೆಗೂ ನಡೆದು, ಮೀಸೆ ಒರೆಸಿಕೊಂಡು
ಚೀಲದೊಳಗೆ ಇಳಿಯಿತು.
ನಾನು ಬಾಯಲ್ಲಿದ್ದ ಐಸಿನ ಚೂರನ್ನು
ಬಲಗೆನ್ನೆಯಿಂದ ಎಡಗೆನ್ನೆಗೆ ಸರಿಸಿ
ಮುಂದಿನ ಚೀಲ ಎತ್ತಿಸಿದೆ.