ಅರ್ಧ ಇಂಚು

ಬೇಕಲದ ಹೊಸ ಹೋಟೆಲಿಗೆ ಹದಿನಾಲ್ಕು ಪಟ,
ಜಪಾನಿನವು, ಹಳೆಯವು, ಕಪ್ಪುಬಿಳುಪು.
ಗೋಡೆಯ ಬಣ್ಣಕ್ಕೆ ಹೊಂದಿದರೆ ಸಾಕು
ಎಂದು ಹೇಳಿ ಹೋಗಿದ್ದಾನೆ ಮ್ಯಾನೇಜರ್ ಹುಡುಗ.

ಕುಂಬಳೆಯ ನನ್ನ ಫ್ರೇಮಿನ ಅಂಗಡಿಯಲ್ಲಿ
ಬೆಳಗಿನಿಂದ ಗಾಜು ಕೊಯ್ಯುತ್ತಿದ್ದೇನೆ.
ಒಂದು ಪಟ ಮಾತ್ರ ತುಸು ಅಗಲ;
ಎಡದಂಚನ್ನು ರಟ್ಟಿನಡಿ ತಳ್ಳಿದರೆ ಆಯಿತು.

ಗುಡಿಸಲು ಬಂದ ಐತಕ್ಕ
ಹಿಡಿಸೂಡಿ ಗೋಡೆಗೊರಗಿಸಿ ಬಗ್ಗಿ ನೋಡಿದಳು.
ಸಾಲಾಗಿ ಬೆನ್ನು, ಸಾಲಾಗಿ ಹುಲ್ಲಿನ ಟೊಪ್ಪಿ,
ಮೊಣಕಾಲ ತನಕ ಕೆಸರು.
"ಇವಳು ಹೊಸಬಳು," ಅಂದಳು,
"ಮಣಿಕಟ್ಟಿನ ತನಕ ಮುಳುಗಿಸಿದ್ದಾಳೆ.
ಅಷ್ಟು ಆಳ ಊರಿದರೆ ತೆಂಡೆ ಒಡೆಯದು."
ಪಕ್ಕದವಳ ಬಗ್ಗೆ ಏನೂ ಅನ್ನಲಿಲ್ಲ,
ತನ್ನ ಸೊಂಟ ಒತ್ತಿಕೊಂಡಳು.

ಆಮೇಲೆ ನನ್ನ ಪೆನ್ಸಿಲ್ ಗೆರೆ ಕಂಡು,
"ಇಲ್ಲಿ ಕೊಯ್ದರೆ
ಇವಳ ಎಡಗೈಯ ನೇಜಿ ಸೂಡಿಯೇ ಹೋಯಿತಲ್ಲ.
ಇನ್ನೇನು ನೆಡುತ್ತಾಳೆ?"

ಐತಕ್ಕ ನೆಟ್ಟ ಬೈಲಿನ ಮೇಲೆ
ಹೈವೇಯ ಮಣ್ಣು ಬಿದ್ದಿದೆ.
ಅದನ್ನು ಅವಳೂ ಎತ್ತಲಿಲ್ಲ, ನಾನೂ.

ಗೆರೆ ಅಳಿಸಿದೆ. ಬೇರೆ ರಟ್ಟು ತೆಗೆದೆ.
ಹದಿನಾಲ್ಕರಲ್ಲಿ ಒಂದು ಈಗ
ಅರ್ಧ ಇಂಚು ದೊಡ್ಡದು.
ಹುಡುಗ ಕೇಳಿದರೆ
ಮರ ಉಬ್ಬಿತು ಮಾರಾಯ, ಅನ್ನುವುದು.